ಹನ್ನೊಂದು ನರದ ಡಾಕ್ಟ್ರು

ಅವಳು ನನ್ನ ಮೇಜಿನ ಮೇಲೆ ಒಂದು ಸೋಪಿನ ಬಿಲ್ಲೆ ಇಟ್ಟು, "ಮೂಸಿ ನೋಡಿ" ಅಂದಳು.

ಮಧ್ಯಾಹ್ನದ ಓಪಿಡಿ ಆಗಷ್ಟೇ ಶುರುವಾಗಿತ್ತು. ಹೊರಗೆ ಬೆಂಚಿನ ತುಂಬ ಜನ. ಇವಳ ಕೈಯಲ್ಲಿ ಟೋಕನ್ ಕೂಡ ಇರಲಿಲ್ಲ. ಬಾಗಿಲ ಹತ್ತಿರ ನಿಂತು ಸಿಸ್ಟರ್ "ರೀ, ಸಾಲಲ್ಲಿ ಬನ್ರೀ" ಎಂದು ಕೂಗುತ್ತಲೇ ಇದ್ದರು, ಇವಳು ಕದಲಲಿಲ್ಲ. ನಾನು ತೆಪ್ಪಗೆ ಬಿಲ್ಲೆ ಎತ್ತಿ ಮೂಗಿಗೆ ಹಿಡಿದೆ. ಹಿಡಿದದ್ದೇ ತಡ, ಮುಖ ಕಿವುಚಿಕೊಂಡು ದೂರ ಇಟ್ಟೆ.

"ಏನು ಬಂತು?"

"ಕಮಟು ವಾಸನೆ. ಎಣ್ಣೆ ಹಳಸಿದೆ."

"ನಿಮಗೆ ಒಂದೇ ಸಲಕ್ಕೆ ಗೊತ್ತಾಯ್ತು ನೋಡಿ. ನನಗೆ ಏನೂ ಗೊತ್ತಾಗಲ್ಲ. ಸೋಪಿನ ಕಾರ್ಖಾನೆಯಲ್ಲಿ ವಾಸನೆ ನೋಡಿ ಹೇಳೋ ಕೆಲಸ ನಂದು. ನಿನ್ನೆ ಒಂದು ಇಡೀ ಹಂಡೆ ಸೋಪನ್ನ ನಾನೇ ಪಾಸು ಮಾಡಿದ್ದೀನಿ. ಎಲ್ಲಾ ಹೀಗೇ ಇದೆ."

ಆಮೇಲೆ ನಾಲ್ಕು ಮಡಿಕೆಯ ಒಂದು ಕಾಗದ ಬಿಚ್ಚಿ ಬಿಲ್ಲೆಯ ಪಕ್ಕದಲ್ಲಿಟ್ಟಳು.

"ಇದು ನಿಮ್ಮ ಅಕ್ಷರ ತಾನೇ? ಮೂರು ಜನರ ಹತ್ತಿರ ಓದಿಸಿದೆ, ಮೆಡಿಕಲ್ ಶಾಪಿನವರಿಗೆ ಮಾತ್ರ ಓದೋಕೆ ಬಂತು. ತಲೆಯ ನರ ಹನ್ನೆರಡೂ ನಾರ್ಮಲ್, ಕೆಲಸಕ್ಕೆ ಹೋಗಬಹುದು ಅಂತ ಬರೆದಿದೆಯಂತೆ."

"ನನ್ನ ಅಕ್ಷರವೇ."

"ಒಂದನೇ ನರ ಯಾವುದಕ್ಕೆ ಡಾಕ್ಟ್ರೇ?"

"ವಾಸನೆಗೆ."

"ಅವತ್ತು ನನ್ನ ಮೂಗಿಗೆ ಏನು ಹಿಡಿದು ನೋಡಿದ್ರಿ?"

"ಏನೂ ಹಿಡೀಲಿಲ್ಲ" ಅಂದೆ.

ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಸುಳ್ಳು ಯಾಕೆ ಹೇಳಲಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನೆನಪಿತ್ತು. ಐದು ವಾರದ ಹಿಂದೆ ಕಾರ್ಖಾನೆಯ ನೆಲದ ಮೇಲೆ ಜಾರಿ ಬಿದ್ದು, ತಲೆಯ ಹಿಂಭಾಗಕ್ಕೆ ಪೆಟ್ಟು ಮಾಡಿಕೊಂಡು ಬಂದಿದ್ದಳು. "ಸೋಪಿನವಳು ಸೋಪಿನ ಮೇಲೇ ಜಾರಿದೆ, ನಗಬೇಡಿ" ಎಂದು ತಾನೇ ನಕ್ಕಿದ್ದಳು. ನಾನು ಟಾರ್ಚ್ ಬಿಟ್ಟು ಕಣ್ಣಿನ ಪಾಪೆ ನೋಡಿದ್ದೆ, ಬೆರಳು ಆಡಿಸಿ ಕಣ್ಣಿನ ಚಲನೆ ನೋಡಿದ್ದೆ, ಹತ್ತಿಯಲ್ಲಿ ಕೆನ್ನೆ ಮುಟ್ಟಿದ್ದೆ. ನಾಲಿಗೆ ಚಾಚಿಸುವ ತನಕ ಎಲ್ಲವೂ ಕ್ರಮವಾಗಿ ಆಗಿತ್ತು. ಆದರೆ ಎರಡರಿಂದ ಶುರುಮಾಡಿದ್ದೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಟ್ರೇನಲ್ಲಿ ಟಾರ್ಚ್, ಹತ್ತಿ, ಸುತ್ತಿಗೆ, ಟ್ಯೂನಿಂಗ್ ಫೋರ್ಕ್ ಎಲ್ಲ ಇರುತ್ತವೆ, ವಾಸನೆಯ ಸೀಸೆಗಳು ಮಾತ್ರ ಯಾವತ್ತೂ ಇರುವುದಿಲ್ಲ. ನೋಡಿದ್ದು ಹನ್ನೊಂದು, ಬರೆದದ್ದು ಹನ್ನೆರಡು.

"ತಪ್ಪಾಯ್ತು" ಅಂದೆ.

ಅವಳು ಜಗಳಕ್ಕೆ ತಯಾರಾಗಿ ಬಂದಿದ್ದಳು ಅಂತ ಕಾಣುತ್ತದೆ. ನಾನು ಇಷ್ಟು ಬೇಗ ಒಪ್ಪಿಕೊಂಡದ್ದು ಅವಳಿಗೆ ಸರಿಹೋಗಲಿಲ್ಲ. "ಬಿದ್ದಾಗಿನಿಂದ ಮೂಗು ಮಂಕಾಗಿತ್ತು. ನೆಗಡಿ ಇರಬೇಕು ಅಂದ್ಕೊಂಡೆ. ಯಾಕಂದ್ರೆ ಕಾಗದದಲ್ಲಿ ಹನ್ನೆರಡೂ ಸರಿ ಅಂತಿತ್ತು. ನನ್ನ ಮೂಗಿಗಿಂತ ನಿಮ್ಮ ಕಾಗದವನ್ನ ನಂಬಿದೆ" ಅಂದಳು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು.

ಸಿಸ್ಟರ್ ತಮ್ಮ ಕಾಫಿ ಪುಡಿಯ ಡಬ್ಬಿ ತಂದುಕೊಟ್ಟರು. ಯಾರದೋ ಬ್ಯಾಗಿನಿಂದ ಎರಡು ಲವಂಗ ಸಿಕ್ಕವು. ಅವಳು ಕಣ್ಣು ಮುಚ್ಚಿದಳು. ಒಂದು ಹೊಳ್ಳೆ ಒತ್ತಿ ಹಿಡಿದು ಇನ್ನೊಂದಕ್ಕೆ ಕಾಫಿ. ಇಲ್ಲ. ಹೊಳ್ಳೆ ಬದಲಿಸಿದೆ. ಇಲ್ಲ. ಲವಂಗ. ಅದೂ ಇಲ್ಲ. ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಹುಡುಕಾಡುವುದು ನನಗೆ ಕಾಣುತ್ತಿತ್ತು.

ಕಣ್ಣು ತೆರೆದವಳೇ ಟ್ರೇಗೆ ಕೈಹಾಕಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಎತ್ತಿ ಮೂಗಿಗೆ ಒತ್ತಿಕೊಂಡಳು. ತಲೆ ಹಿಂದಕ್ಕೆ ಎಗರಿತು, ಕಣ್ಣಲ್ಲಿ ನೀರು ಬಂತು.

"ಬಂತು! ಡಾಕ್ಟ್ರೇ, ಬಂತು!"

ನನ್ನ ವೃತ್ತಿಯಲ್ಲಿ ನಾನು ಹೇಳಿದ ಕಷ್ಟದ ಮಾತುಗಳಲ್ಲಿ ಅದೂ ಒಂದು. "ಅದು ವಾಸನೆ ಅಲ್ಲ. ಅದು ಉರಿ. ಉರಿಯನ್ನ ಐದನೇ ನರ ಹೇಳುತ್ತೆ, ಮುಖದ ಸ್ಪರ್ಶದ ನರ. ಅದು ಚೆನ್ನಾಗಿದೆ. ಒಂದನೇದು ಮಾತಾಡ್ತಿಲ್ಲ."

ಅವಳು ಹತ್ತಿಯನ್ನು ಮೆಲ್ಲಗೆ ಟ್ರೇನಲ್ಲಿ ಇಟ್ಟಳು. ಕಣ್ಣಿನ ನೀರು ಈಗ ಸ್ಪಿರಿಟ್‌ನದ್ದಾಗಿರಲಿಲ್ಲ.

ಅದೇ ಮಧ್ಯಾಹ್ನ ಕಾಗದ ಹಿಡಿದುಕೊಂಡು ನಮ್ಮ ವಿಭಾಗದ ಮುಖ್ಯಸ್ಥೆಯ ಮುಂದೆ ನಿಂತೆ. ನಾವೆಲ್ಲ ಅವರನ್ನು ಮೇಡಂ ಅನ್ನುತ್ತಿದ್ದೆವು, ಹಿಂದಿನಿಂದಲೂ ಮೇಡಂ ಅಂತಲೇ ಅನ್ನುತ್ತಿದ್ದೆವು, ಅಷ್ಟು ಹೆದರಿಕೆ. "ನೋಡಲಿಲ್ಲ ಅಂತ ಬರೆದಿದ್ರೆ ನಾನು ಏನೂ ಅಂತಿರಲಿಲ್ಲ. ನೋಡದೆ ಸರಿ ಅಂತ ಬರೆದಿದ್ದೀಯಲ್ಲ, ಅದಕ್ಕೆ ಏನು ಹೇಳಲಿ?" ಅಂದರು. ಮೂರು ಮಾತು ಬೈದು ಹೊಸ ಕಾಗದ ಬರೆಸಿದರು. ಸ್ಕ್ಯಾನ್ ಮಾಡಿಸಿದರು.

ಅವಳನ್ನು ಕೂರಿಸಿಕೊಂಡು ಅವರೇ ವಿವರಿಸಿದರು. ಮೂಗಿನ ಮೇಲ್ಛಾವಣಿಯಲ್ಲಿ ಜರಡಿಯಂಥ ಒಂದು ತೆಳು ಮೂಳೆ. ಅದರ ತೂತುಗಳಿಂದ ವಾಸನೆಯ ಎಳೆಗಳು ಮೆದುಳಿಗೆ ಏರುತ್ತವೆ. ತಲೆ ಹಿಂದಕ್ಕೆ ಬಡಿದಾಗ ಒಳಗೆ ಮೆದುಳು ಜಗ್ಗುತ್ತದೆ, ಆ ಎಳೆಗಳು ಹರಿದುಹೋಗುತ್ತವೆ. ಕೆಲವರಿಗೆ ಮತ್ತೆ ಬೆಳೆಯುತ್ತವೆ, ಕೆಲವರಿಗೆ ಇಲ್ಲ. ಕೊಡಲು ಮಾತ್ರೆಯಿಲ್ಲ. ನಾಲ್ಕು ಸೀಸೆಗಳನ್ನು ಬೆಳಗ್ಗೆ ಸಂಜೆ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ನೆನೆಸಿಕೊಳ್ಳಬೇಕು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ.

"ಬರದೆ ಇದ್ರೂ ಮೂಸಬೇಕಾ?" ಎಂದಳು ಅವಳು.

"ಬರದೆ ಇರೋದಕ್ಕೇ ಮೂಸಬೇಕು" ಅಂದರು ಮೇಡಂ.

ಮಾರನೆಯ ದಿನ ನಾನು ಕಾರ್ಖಾನೆಗೆ ಹೋದೆ. ಯಾರೂ ಹೋಗು ಅಂದಿರಲಿಲ್ಲ. ಆ ಹಂಡೆ ಸೋಪಿನ ಹೊಣೆ ಅವಳ ತಲೆಗೆ ಬರಬಾರದು ಅನ್ನಿಸಿತ್ತು.

ಕಾರ್ಖಾನೆ ಅಂದರೆ ಉದ್ದನೆಯ ಒಂದೇ ಹಜಾರ. ಒಂದು ತುದಿಯಲ್ಲಿ ಹಂಡೆಗಳು, ನಡುವೆ ಮರದ ಅಚ್ಚುಗಳು, ಬಿಗಿದ ತಂತಿಯಲ್ಲಿ ಸೋಪು ಕತ್ತರಿಸುವ ಹೆಂಗಸರು, ಗೋಡೆಯುದ್ದಕ್ಕೂ ಬಿಲ್ಲೆಗಳನ್ನು ಆರಲು ಜೋಡಿಸಿದ ಅಟ್ಟಣಿಗೆ. ಅದನ್ನು ನಡೆಸುತ್ತಿದ್ದವರು ಅವಳ ಸೋದರತ್ತೆ. ರವಿಕೆಯ ತೋಳು ಮಡಚಿಕೊಂಡು, ಕೈಯಲ್ಲಿ ಮಾರುದ್ದದ ಸೌಟು ಹಿಡಿದು ನಿಂತಿದ್ದರು. ನಾನು ಬಂದ ವಿಷಯ ಹೇಳಿದೆ. ಅವರು ಕೇಳಿ ಮುಗಿಸಿ ಸೌಟನ್ನು ಹಂಡೆಯ ಅಂಚಿಗೆ ಒರಗಿಸಿದರು.

"ತಪ್ಪು ನಂದು ಅಂತ ಹೇಳೋಕೆ ಡಾಕ್ಟ್ರು ಇಲ್ಲಿ ತನಕ ಬಂದ್ರಾ? ನನ್ನ ಆಯುಸ್ಸಿನಲ್ಲಿ ಕೇಳಿಲ್ಲಪ್ಪ ಇದನ್ನ. ಕೂತ್ಕೋ, ಕೂತ್ಕೋ."

ಕಿಟಕಿಯ ಪಕ್ಕ ಒಂದು ಎತ್ತರದ ಸ್ಟೂಲು ಖಾಲಿಯಿತ್ತು. ಕೂತೆ. ತಂತಿ ಎಳೆಯುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ಹೌಹಾರಿದರು. ಪ್ಯಾಕಿಂಗ್ ಮೇಜಿನಿಂದ ಅವಳು ಓಡಿ ಬಂದಳು.

"ಏಳಿ ಏಳಿ! ಅದು ನಂದು!"

ಅದು ವಾಸನೆ ನೋಡುವವರ ಸ್ಟೂಲು. ಹದಿಮೂರು ವರ್ಷ ಅತ್ತೆ ಕೂತಿದ್ದು, ಆಮೇಲೆ ಏಳು ವರ್ಷ ಇವಳು. ಬೇರೆ ಯಾರೂ ಅದರ ಮೇಲೆ ಚೀಲ ಕೂಡ ಇಡುತ್ತಿರಲಿಲ್ಲ. ನಾನು ಎದ್ದ ರಭಸಕ್ಕೆ ಸ್ಟೂಲು ಉರುಳಿತು, ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದಳು. ಆದರೂ ಕಣ್ಣಂಚಿನಲ್ಲಿ ಸಣ್ಣ ಸುಕ್ಕು ಮೂಡಿತು. ಆ ಸುಕ್ಕನ್ನು ನೋಡಿದ್ದೇ ನನ್ನ ಕಥೆ ಮುಗಿಯಿತು.

ಬಾಗಿಲ ತನಕ ಬಂದು ಅತ್ತೆ ಮೆಲ್ಲಗೆ ಹೇಳಿದರು. "ಆರು ತಿಂಗಳು ಆ ಸ್ಟೂಲು ಖಾಲಿ ಇಡ್ತೀನಿ. ಅಲ್ಲಿ ತನಕ ನನ್ನ ಮುದಿ ಮೂಗಲ್ಲೇ ಹೇಗೋ ನಡೀಲಿ. ಆಮೇಲೆ ಯಾರನ್ನಾದ್ರೂ ಕೂರಿಸಲೇಬೇಕು. ಅವಳಿಗೆ ಬೇರೆ ಕೆಲಸ ಕೊಡ್ತೀನಿ, ಅನ್ನಕ್ಕೇನೂ ಕಮ್ಮಿಯಾಗಲ್ಲ. ಆದ್ರೆ ಅವಳು ಆ ಸ್ಟೂಲಿನ ಮೇಲೆ ಕೂತಾಗ ಹ್ಯಾಗಿರ್ತಾಳೆ ಅಂತ ನೀನು ನೋಡಿಲ್ಲ."

ಅಂದಿನಿಂದ ಹದಿನೈದು ದಿನಕ್ಕೊಂದು ಬುಧವಾರ ಅವಳು ಬರುತ್ತಿದ್ದಳು. ಪ್ರತಿ ಸಲವೂ ನಾನು ಒಂದರಿಂದ ಹನ್ನೆರಡರವರೆಗೆ ನೋಡುತ್ತಿದ್ದೆ.

"ಮೂಗಿಗೆ ಬಂದವಳ ನಾಲಿಗೆ ಯಾಕೆ ಡಾಕ್ಟ್ರೇ?"

"ಒಂದು ಬಿಟ್ಟು ಪಾಠ ಕಲಿತಿದ್ದೀನಿ. ಇನ್ನು ಯಾವುದನ್ನೂ ಬಿಡಲ್ಲ."

"ಹನ್ನೊಂದು ನರದ ಡಾಕ್ಟ್ರು ಅಂತ ಹೆಸರಿಟ್ಟಿದ್ದೀನಿ ನಿಮಗೆ. ಕಾರ್ಖಾನೆಯಲ್ಲಿ ಎಲ್ಲರೂ ಹಾಗೇ ಕರೆಯೋದು."

"ಹನ್ನೆರಡು ಮಾಡೋಕೆ ಏನು ಮಾಡಬೇಕು?"

"ನೋಡೋಣ. ಪರೀಕ್ಷೆ ಇದೆ."

ಮೊದಲು ಸೀಸೆಗಳು. ಅತ್ತೆಯೇ ತುಂಬಿ ಕಳಿಸುತ್ತಿದ್ದರು. ವಾಸನೆ ಬರುತ್ತಿರಲಿಲ್ಲ, ಅವಳು ನೆನಪು ಹೇಳುತ್ತಿದ್ದಳು. ಲವಂಗಕ್ಕೆ ಚಿಕ್ಕಂದಿನ ಹಲ್ಲುನೋವು. ನಿಂಬೆಗೆ, ಕೆಲಸ ಕಲಿಯುವಾಗ ಹೆಚ್ಚು ಸುರಿದು ಅತ್ತೆಯ ಹತ್ತಿರ ಕಿವಿ ಹಿಂಡಿಸಿಕೊಂಡದ್ದು. ಗುಲಾಬಿಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಕಣ್ಣು. "ತಲೆ ಆಡಿಸಬೇಡಿ, ಕಣ್ಣಲ್ಲಿ ಮಾತ್ರ ನನ್ನ ಬೆರಳ ಹಿಂದೆ ಬನ್ನಿ" ಅನ್ನುತ್ತಿದ್ದೆ. ಬೆರಳು ಎಡಕ್ಕೆ ಹೋದರೆ ಅವಳ ಕಣ್ಣು ಎಡಕ್ಕೆ, ಮೇಲೆ ಹೋದರೆ ಮೇಲೆ. ಕೆಳಗೆ ಇಳಿದಾಗ ರೆಪ್ಪೆ ಇಳಿದು, ಒಂದು ಗಳಿಗೆ ಅವಳ ಮುಖ ಯಾರೋ ಕಾಣದವರ ಮಾತಿಗೆ ನಾಚಿದಂತೆ ಕಾಣುತ್ತಿತ್ತು. ಮತ್ತೆ ನಡುವಿಗೆ ಬಂದಾಗ ಬೆರಳನ್ನು ಬಿಟ್ಟು ನೇರ ನನ್ನನ್ನು ನೋಡುತ್ತಿದ್ದಳು.

"ಬೆರಳು ನೋಡಿ."

"ಬೆರಳು ನಡುಗ್ತಿದೆ. ಅದು ಯಾವ ನರ?"

"ಅದು ನನ್ನದು. ನಿಮ್ಮ ಕೇಸ್ ಶೀಟಿನಲ್ಲಿ ಬರಲ್ಲ."

ಏಳನೇ ನರಕ್ಕೆ "ಹಲ್ಲು ತೋರಿಸಿ" ಅಂದರೆ, "ನಗು ಬಂದ್ರೆ ತೋರಿಸ್ತೀನಿ, ಸುಮ್ಮನೆ ತೋರಿಸೋಕೆ ನಾನೇನು ಪೇಸ್ಟಿನ ಜಾಹೀರಾತಾ?" ಅನ್ನುತ್ತಿದ್ದಳು. ಹೇಳಿ ತರಿಸಿದ ನಗುವಿಗೂ ತಾನಾಗಿ ಬಂದ ನಗುವಿಗೂ ಮೆದುಳಿನಲ್ಲಿ ದಾರಿ ಬೇರೆ ಬೇರೆ ಎಂದು ಅವಳಿಗೆ ವಿವರಿಸಿದೆ. ಅವಳು ಗಂಭೀರವಾಗಿ ಕೇಳಿ, "ಹಾಗಾದ್ರೆ ಎರಡೂ ನೋಡಬೇಕಲ್ಲ ನೀವು?" ಎಂದು ಹೇಳುತ್ತಲೇ ನಕ್ಕುಬಿಟ್ಟಳು. ನಾನು ಪೆನ್ನು ಹುಡುಕಿದೆ. ಪೆನ್ನು ಕೈಯಲ್ಲೇ ಇತ್ತು.

ಎಂಟನೇದು ಕಿವಿ. ಅವಳ ಹಿಂದೆ ಒಂದು ತೋಳು ದೂರದಲ್ಲಿ ನಿಂತು, ಒಂದು ಕಿವಿ ಮುಚ್ಚಿಸಿ, ಪಿಸುದನಿಯಲ್ಲಿ ಏನಾದರೂ ಹೇಳಬೇಕು. ಅವಳು ಅದನ್ನು ಹಾಗೇ ತಿರುಗಿ ಹೇಳಬೇಕು. ನಾನು "ಅರವತ್ತೆಂಟು" ಅನ್ನುತ್ತಿದ್ದೆ. ಅವಳು "ಅರವತ್ತೆಂಟು" ಅನ್ನುತ್ತಿದ್ದಳು. ಬರೀ ಅಂಕಿಗಳನ್ನು ಅಷ್ಟು ಪ್ರೀತಿಯಿಂದ ಯಾರಾದರೂ ಹೇಳಿದ್ದಾರೋ ಇಲ್ಲವೋ.

ಆರನೇ ಭೇಟಿಯ ದಿನ ಬಾಗಿಲಲ್ಲಿ ಮೇಡಂ ನಿಂತಿದ್ದರು. ಎಷ್ಟು ಹೊತ್ತಿನಿಂದ ಅಂತ ಗೊತ್ತಿಲ್ಲ. ಅವಳು ಹೋದ ಮೇಲೆ ಒಳಗೆ ಬಂದು ಬಾಗಿಲು ಹಾಕಿಕೊಂಡರು.

"ಅವಳ ಕೇಸನ್ನ ಕನ್ನಡಕದವನಿಗೆ ಕೊಡು" ಅಂದರು. ಕನ್ನಡಕದವನು ಅಂದರೆ ನನ್ನ ಸೀನಿಯರ್. "ಅವಳ ಟ್ರೀಟ್‌ಮೆಂಟ್ ಮುಗಿಯೋ ತನಕ ನೀನು ಒಂದು ಮಾತೂ ಆಡಬೇಡ. ಅವಳ ಮೂಗು ನಿನ್ನ ಕೈಲಿದೆ. ನೀನು ಈಗ ಕೇಳಿದ್ರೆ ಅವಳು ಇಲ್ಲ ಅನ್ನಬೇಕು ಅಂತಿದ್ರೂ ಅನ್ನೋಕೆ ಹೆದರ್ತಾಳೆ. ಅಂಥ ಹೌದು ನಿನಗೆ ಬೇಕಾ?"

"ಬೇಡ ಮೇಡಂ."

ಆ ಹೊತ್ತಿಗೆ ಅವರ ಮೇಲೆ ಕೋಪ ಬಂದಿತ್ತು. ಇವತ್ತು ನೆನೆಸಿಕೊಂಡರೆ ಕೈಮುಗಿಯಬೇಕು ಅನ್ನಿಸುತ್ತದೆ.

ಮುಂದಿನ ಬುಧವಾರ ಅವಳು ಬಂದಾಗ ಕಾರಿಡಾರಿನಲ್ಲೇ ಹೇಳಿದೆ. "ಇನ್ನು ಮೇಲೆ ನಮ್ಮ ಸೀನಿಯರ್ ನೋಡ್ತಾರೆ. ನನಗಿಂತ ಚೆನ್ನಾಗಿ ನೋಡ್ತಾರೆ."

ಅವಳು ಸೀಸೆಗಳ ಚೀಲವನ್ನು ಎದೆಗೆ ಅವುಚಿಕೊಂಡಳು. "ಮೂರು ತಿಂಗಳಾಯ್ತು, ಏನೂ ಬಂದಿಲ್ಲ. ಇದು ಆಗೋಹೋಗೋ ಕೆಲಸ ಅಲ್ಲ ಅಂತ ನಿಮಗೆ ಅನ್ನಿಸಿದೆ. ಅಲ್ವಾ?"

"ಹಾಗಲ್ಲ."

"ಮತ್ತೆ ಹ್ಯಾಗೆ?"

ಮೇಡಂಗೆ ಮಾತು ಕೊಟ್ಟಿದ್ದೆ.

"ಒಂದನೇದನ್ನ ಮತ್ತೆ ಬಿಟ್ಟುಬಿಟ್ರಿ ಅನ್ನಿ" ಎಂದು ಹೇಳಿ, ಅವಳು ಕನ್ನಡಕದವನ ಕೋಣೆಗೆ ನಡೆದಳು. ತಿರುಗಿ ನೋಡಲಿಲ್ಲ.

ಆಮೇಲಿನ ಮೂರು ತಿಂಗಳು ನಾನು ಮಾಡಿದ್ದು ಒಂದೇ. ಅಂಥವೇ ನಾಲ್ಕು ಸೀಸೆ ಮಾಡಿಕೊಂಡು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೆ. ತಲೆಗೆ ಪೆಟ್ಟಾಗಿ ಬಂದ ಪ್ರತಿಯೊಬ್ಬರಿಗೂ ಒಂದರಿಂದ ಶುರುಮಾಡಿದೆ. ಜೊತೆಯವರು "ಏನಯ್ಯ, ಅತ್ತರು ಮಾರೋಕೆ ಹೊರಟಿದ್ದೀಯಾ?" ಎಂದು ಕಾಲೆಳೆದರು. ಒಬ್ಬ ಲಾರಿ ಚಾಲಕರಿಗೂ ಒಬ್ಬ ಟೀಚರಿಗೂ ವಾಸನೆ ಹೋಗಿದ್ದು ಸಿಕ್ಕಿತು. ತಮಗೆ ಏನಾಗಿದೆಯೆಂದು ಅವರಿಗೂ ಗೊತ್ತಿರಲಿಲ್ಲ. "ಗ್ಯಾಸ್ ಸೋರಿದ್ರೆ ನಿಮಗೆ ಗೊತ್ತಾಗಲ್ಲ, ಹುಷಾರು" ಎಂದು ಟೀಚರಿಗೆ ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಅಂದರು. ಅದು ಸಲ್ಲಬೇಕಾದವಳು ಪಕ್ಕದ ಕೋಣೆಯಲ್ಲಿ, ಕನ್ನಡಕದವನ ಮುಂದೆ ಕಣ್ಣು ಮುಚ್ಚಿ ಕೂತಿದ್ದಳು.

ಅತ್ತೆ ಕೊಟ್ಟ ಆರು ತಿಂಗಳಿಗೆ ನಾಲ್ಕು ದಿನ ಉಳಿದಿತ್ತು. ಮಧ್ಯಾಹ್ನದ ಓಪಿಡಿಯ ಕೊನೆಯ ಟೋಕನ್. ಒಳಗೆ ಬಂದವಳು ಅವಳು.

ಮೇಜಿನ ಮೇಲೆ ಮೊದಲು ಒಂದು ಚೀಟಿ ಇಟ್ಟಳು. "ಕನ್ನಡಕದ ಡಾಕ್ಟ್ರು ಬರೆದದ್ದು. ಇವತ್ತಿಗೆ ನನ್ನ ಟ್ರೀಟ್‌ಮೆಂಟ್ ಮುಗೀತು. ನಾನು ಯಾರ ಪೇಶೆಂಟೂ ಅಲ್ಲ." ಆಮೇಲೆ ಕಾಗದದಲ್ಲಿ ಸುತ್ತಿದ್ದ ಒಂದು ಸೋಪಿನ ಬಿಲ್ಲೆ ಇಟ್ಟಳು. ಅದೇ ಹಳೆಯ ಬಿಲ್ಲೆ.

ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಅವಳು ನನ್ನ ಕೈ ಸರಿಸಿ, ತಾನೇ ಎತ್ತಿ ಮೂಗಿಗೆ ಹಿಡಿದಳು.

ಅವಳ ಮೂಗು ಸುಕ್ಕುಗಟ್ಟಿತು. ಮೇಲ್ತುಟಿ ಏರಿತು. ಹುಬ್ಬು ಕೂಡಿತು. "ಥೂ!" ಅಂದಳು.

ನನಗೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ.

"ಮೊನ್ನೆ ಎಣ್ಣೆ ಡಬ್ಬ ತೆಗೆದ್ರು," ಅವಳು ಹೇಳಿದಳು. "ನಾನು ಆಚೆ ಪ್ಯಾಕಿಂಗಿಗೆ ಹೋಗ್ತಿದ್ದೆ. ನನಗೇ ಗೊತ್ತಿಲ್ಲದ ಹಾಗೆ ಮುಖ ಕಿವುಚಿಕೊಂಡೆನಂತೆ. ಅತ್ತೆ ನೋಡಿದ್ರು, ಸೌಟು ಕೈಬಿಟ್ರು. ಏನಾಯ್ತೇ, ಅಂದ್ರು. ಎಣ್ಣೆ ಸರಿಯಿಲ್ಲ ಅತ್ತೆ, ಅಂದೆ. ಆಮೇಲೆ ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ಅತ್ತಿದ್ದೇ ಅತ್ತಿದ್ದು. ಕೊಳೆತ ಎಣ್ಣೆಗೆ ಯಾರಾದ್ರೂ ಹಾಗೆ ಖುಷಿಪಡ್ತಾರಾ?"

"ಬೇರೆ?"

"ಲವಂಗ ಬಂದಿದೆ. ನಿಂಬೆ ಒಂದು ಚೂರು. ಗುಲಾಬಿ ಇಲ್ಲ, ಬರುತ್ತೋ ಇಲ್ವೋ. ಸುವಾಸನೆ ಬೆರೆಸೋಕೆ ಅತ್ತೆ ಇನ್ನೊಬ್ಬಳನ್ನ ಕಲಿಸ್ತಿದ್ದಾರೆ. ಕೆಟ್ಟದ್ದನ್ನ ಹಿಡಿಯೋಕೆ ಸ್ಟೂಲಿನ ಮೇಲೆ ನಾನೇ. ಸಾಕು ಡಾಕ್ಟ್ರೇ. ಎಲ್ಲಾ ಹೋಗಿತ್ತಲ್ಲ."

ಅರ್ಧ ಮೂಗಿಗೆ ಇಷ್ಟು ಬೆಳಗಿದ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಈಗ ನೀವು ಕೂತ್ಕೊಳ್ಳಿ" ಎಂದು ಪೇಶೆಂಟಿನ ಸ್ಟೂಲು ತೋರಿಸಿದಳು. "ನನ್ನನ್ನ ಯಾಕೆ ಬೇರೆ ಡಾಕ್ಟ್ರಿಗೆ ದಾಟಿಸಿದ್ರಿ ಅಂತ ಸಿಸ್ಟರ್ ಇವತ್ತು ಬಾಯಿಬಿಟ್ರು. ಮೂರು ತಿಂಗಳು ನಿಮ್ಮನ್ನ ಬೈಕೊಂಡೇ ಸೀಸೆ ಮೂಸಿದ್ದೀನಿ, ಅದಕ್ಕೇ ಬೇಗ ಬಂತೋ ಏನೋ. ಕಣ್ಣು ಮುಚ್ಚಿ."

ಮುಚ್ಚಿದೆ. ಲವಂಗ, ನಿಂಬೆ, ನೀಲಗಿರಿ ಹೇಳಿದೆ. ಕೊನೆಗೆ ಗುಲಾಬಿ.

"ಹ್ಯಾಗಿದೆ?" ಅವಳು ಮೆಲ್ಲಗೆ ಕೇಳಿದಳು. "ನನಗೆ ಹೇಳಿ."

ನಾನು ತಿಳಿದ ಹಾಗೆ ಹೇಳಿದೆ. ತಣ್ಣಗಿದೆ, ತುದಿಯಲ್ಲಿ ಸ್ವಲ್ಪ ಸಿಹಿ, ಒಗೆದ ಬಟ್ಟೆ ಮಡಚುವಾಗ ಬರುವ ಹಾಗೆ. ಅವಳು "ಹೌದು, ಹಾಗೇ ಇತ್ತು" ಅಂದಳು.

ಆಮೇಲೆ ಕಣ್ಣು. "ಬೆರಳು ನೋಡಿ, ನನ್ನನ್ನಲ್ಲ." ಹತ್ತಿಯಲ್ಲಿ ಹಣೆ, ಕೆನ್ನೆ, ಗದ್ದ. "ಹಲ್ಲು ತೋರಿಸಿ." ಹೇಳುವ ಮೊದಲೇ ತೋರಿಸುತ್ತಿದ್ದೆ. ಎಲ್ಲವನ್ನೂ ಕ್ರಮ ತಪ್ಪದೆ ಕಲಿತಿದ್ದಳು. ಹಿಂದೆ ಹೋಗಿ ನಿಂತಳು. ಒಂದು ತೋಳು ದೂರ.

"ಎಂಟನೇದು. ರೂಲ್ಸ್ ಗೊತ್ತಲ್ಲ? ಹೇಳಿದ್ದನ್ನ ಹಾಗೇ ತಿರುಗಿ ಹೇಳಬೇಕು."

"ಗೊತ್ತು."

ಅವಳ ಉಸಿರು ನನಗೆ ಕೇಳಿಸಿತು. ಆಮೇಲೆ ಪಿಸುದನಿ.

"ನನ್ನನ್ನ ಮದುವೆ ಆಗ್ತೀರಾ?"

ಅವಳು ಹೇಳಿದ್ದನ್ನು ನಾನು ಹಾಗೇ ತಿರುಗಿ ಹೇಳಿದೆ. "ನನ್ನನ್ನ ಮದುವೆ ಆಗ್ತೀರಾ?"

"ಅಯ್ಯೋ, ಇದೇನು ಇದ್ದಕ್ಕಿದ್ದ ಹಾಗೆ ಕೇಳಿಬಿಟ್ರಿ!" ಅಂದಳು. ದನಿಯಲ್ಲಿ ನಗು ಉಕ್ಕುತ್ತಿತ್ತು. "ಇನ್ನೂ ನಾಲ್ಕು ನರ ಬಾಕಿ ಇದೆ. ಮುಗಿಸಿ ಹೇಳ್ತೀನಿ."

ಬಾಯಿ ತೆರೆದು "ಆ" ಅಂದೆ. ಅವಳ ಎರಡೂ ಕೈ ನನ್ನ ಭುಜದ ಮೇಲೆ ಒತ್ತಿದವು, ನಾನು ಭುಜ ಎತ್ತಿದೆ. ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ನಾಲಿಗೆ ಚಾಚಿದೆ. ಬಾಗಿಲ ಸಂದಿಯಲ್ಲಿ ಸಿಸ್ಟರ್ ಕಿಸಕ್ಕನೆ ನಕ್ಕರು.

ಅವಳು ನನ್ನ ಕುರ್ಚಿಯಲ್ಲಿ ಕೂತು, ನನ್ನದೇ ಪೆನ್ನಿನಲ್ಲಿ, ನನಗಿಂತ ಚೆಂದದ ಅಕ್ಷರದಲ್ಲಿ ಒಂದು ಚೀಟಿ ಬರೆದು ಕೈಗೆ ಕೊಟ್ಟಳು.

ಅದು ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ, ಆ ಸೋಪಿನ ಜೊತೆ. ಪ್ರತಿ ವರ್ಷ ಹೊಸ ಹುಡುಗ ಹುಡುಗಿಯರು ಕಲಿಯಲು ಬಂದಾಗ ಸೋಪನ್ನು ಅವರಿಗೆ ಮೂಸಲು ಕೊಡುತ್ತೇನೆ. ಚೀಟಿಯನ್ನು ತೋರಿಸುವುದಿಲ್ಲ. ಅದರಲ್ಲಿ ಇರುವುದು ಇಷ್ಟೇ: "ಒಂದರಿಂದ ಹನ್ನೆರಡು, ಎಲ್ಲವನ್ನೂ ನೋಡಿದ್ದೇನೆ. ಸರಿಯಾಗಿವೆ. ಮನೆಗೆ ಕರೆದುಕೊಂಡು ಹೋಗಬಹುದು." 'ನೋಡಿದ್ದೇನೆ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ.